ಹದಿನಾರನೇ ದಿನದ ಮಾತ್ರೆ

ನಮ್ಮ ಸೋದರತ್ತೆಯ ಎಡಗಾಲಿನ ಹೆಬ್ಬೆರಳನ್ನು ಸರ್ಕಾರ ಉಚಿತವಾಗಿ ತೆಗೆಸಿಕೊಟ್ಟಿತು. ವ್ಯಂಗ್ಯ ಮಾಡ್ತಿಲ್ಲ, ನಡೆದದ್ದೇ ಹೇಳ್ತಿದೀನಿ. ಜಿಲ್ಲಾ ಕೇಂದ್ರದ ದೊಡ್ಡಾಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಬಿಪಿಎಲ್ ಕಾರ್ಡು, ಆಧಾರ್ ಕಾರ್ಡು ತೋರಿಸಿದ್ದು ಬಿಟ್ಟರೆ ಕೌಂಟರಿನಲ್ಲಿ ನಾವು ಒಂದು ಪೈಸೆ ಕೊಡಲಿಲ್ಲ. ಆಪರೇಷನ್ನು, ಇಂಜೆಕ್ಷನ್ನು, ಡ್ರೆಸ್ಸಿಂಗು, ಊಟ ಎಲ್ಲ ಅವರದೇ. ಡಾಕ್ಟರು ನನಗಿಂತ ಐದಾರು ವರ್ಷ ಚಿಕ್ಕವರು, ದಿನಕ್ಕೆರಡು ಸಲ ಬಂದು ಗಾಯ ನೋಡ್ತಿದ್ದರು. ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಓಡಿ ಹೋಗಿದ್ದ ನಾನು ವಾರ್ಡಿನ ಹೊರಗೆ ಕಲ್ಲುಬೆಂಚಿನ ಮೇಲೆ ಕೂತು, ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಮೀಟಿಂಗ್ ಮುಗಿಸ್ತಾ, ಪರವಾಗಿಲ್ವಲ್ಲ ನಮ್ಮ ಸರ್ಕಾರಿ ವ್ಯವಸ್ಥೆ ಅಂದುಕೊಂಡೆ.

ಡಿಸ್ಚಾರ್ಜ್ ದಿನ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹದಿನೈದು ದಿನದ ಮಾತ್ರೆ ಕಟ್ಟಿಕೊಟ್ಟರು. ಯಾಕೆ ಹದಿನೈದು ಅಂತ ಆಗ ತಲೆಗೆ ಹೋಗಲಿಲ್ಲ. ಆಮೇಲೆ ರೂಲ್ಸ್ ಓದಿದಾಗ ಗೊತ್ತಾಯ್ತು. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಆಸ್ಪತ್ರೆ ಸೇರುವ ಮುಂಚಿನ 3 ದಿನ ಮತ್ತು ಬಿಡುಗಡೆಯಾದ ನಂತರದ 15 ದಿನಗಳ ಔಷಧಿ, ಪರೀಕ್ಷೆಗಳ ಖರ್ಚು ಪ್ಯಾಕೇಜಿನೊಳಗೇ ಬರುತ್ತದೆ. ಅದರ ಹಿಂದಿನದು, ಮುಂದಿನದು, ಅಡ್ಮಿಟ್ ಆಗದೆ ಸುಮ್ಮನೆ ತೋರಿಸಿಕೊಂಡು ಬರುವಂಥದ್ದು ಯಾವುದೂ ಕಾರ್ಡಿನ ಲೆಕ್ಕಕ್ಕಿಲ್ಲ. ಅತ್ತೆಗೆ ಶುಗರ್ ಬಂದು ಏಳು ವರ್ಷ. ಅವರ ಕೊನೆಯ ದಿನದ ತನಕ ಜೊತೆಗಿರುವ ಕಾಯಿಲೆ ಅದು. ಅದರಲ್ಲಿ ಕಾರ್ಡಿನ ಕಣ್ಣಿಗೆ ಅತ್ತೆ ಬಿದ್ದಿದ್ದು ಮೂರು, ಹನ್ನೊಂದು, ಹದಿನೈದು ಸೇರಿ 29 ದಿನ.

ನಮ್ಮದು ತೆಂಗಿನ ಸೀಮೆ. ಅತ್ತೆ ಕಾಲಿಗೆ ಚುಚ್ಚಿದ್ದು ಒಂದು ಚಿಪ್ಪಿನ ಚೂರು. ಚುಚ್ಚಿದ್ದೇ ಅವರಿಗೆ ಗೊತ್ತಾಗಿಲ್ಲ. ಶುಗರ್ ಬಹಳ ದಿನ ಹಿಡಿತದಲ್ಲಿಲ್ಲದಿದ್ದರೆ ಪಾದದ ನರ ಸತ್ತು ನೋವೇ ತಿಳಿಯದಂತಾಗುತ್ತದೆ ಅಂತ ಡಾಕ್ಟರು ಹೇಳಿದರು. ಕಾಲು ಊದಿ ವಾಸನೆ ಬಂದ ಮೇಲೆ ಪಕ್ಕದ ಮನೆಯವರು ನೋಡಿ ನಮ್ಮಪ್ಪನಿಗೆ ಹೇಳಿದ್ದು.

ಊರಿಗೆ ವಾಪಸ್ ಕರಕೊಂಡು ಹೋದಾಗ ಅಡುಗೆಮನೆ ಗೂಡಿನಲ್ಲಿದ್ದ ಹಳೇ ಹಾರ್ಲಿಕ್ಸ್ ಡಬ್ಬ ತೆಗೆದು ಮಾತ್ರೆ ಎಣಿಸಿದೆ. ಲೆಕ್ಕ ಕೂಡಲಿಲ್ಲ. ಆರೋಗ್ಯ ಕೇಂದ್ರದ ಚೀಟಿಯಲ್ಲಿರುವ ತಾರೀಖಿನ ಪ್ರಕಾರ ಆ ಸ್ಟ್ರಿಪ್ಪುಗಳು ಯಾವತ್ತೋ ಮುಗಿದಿರಬೇಕಿತ್ತು. ಕೇಳಿದೆ.

"ಒಂದೊಂದ್ಸಲ ಹತ್ತೇ ಕೊಡ್ತಾರೆ ಕಣಪ್ಪ, ಸ್ಟಾಕ್ ಇಲ್ಲ ಅಂತಾರೆ. ಹತ್ತು ದಿನಕ್ಕೊಂದ್ಸಲ ಹೋಗಕ್ಕಾಯ್ತದಾ? ಅದ್ಕೇ ಒಂದಿನ ಬಿಟ್ಟು ಒಂದಿನ ನುಂಗ್ತಿದ್ದೆ. ಪೂರ್ತಿ ಏನ್ ಬಿಟ್ಟಿರ್ಲಿಲ್ಲ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ಮಾತ್ರೆಗೆಲ್ಲ ನಿಂಗೆ ಫೋನ್ ಮಾಡ್ಲಾ?"

ಆರೋಗ್ಯ ಕೇಂದ್ರ ನಮ್ಮೂರಿಂದ ಆರು ಕಿಲೋಮೀಟರು. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಅನ್ನೋದೇನೋ ನಿಜ, ಆದರೆ ಆ ರಸ್ತೆಗೆ ಸರ್ಕಾರಿ ಬಸ್ಸೇ ಇಲ್ಲ. ಶೇರ್ ಆಟೋ ಹಿಡಿಯಬೇಕು, ಅದು ತುಂಬುವ ತನಕ ಕಾಯಬೇಕು, ಅಲ್ಲಿ ಸಾಲಿನಲ್ಲಿ ನಿಲ್ಲಬೇಕು. ಒಂದು ದಿನದ ಕೂಲಿ ಹೋಯ್ತು. ಮೆಟ್‌ಫಾರ್ಮಿನ್ ಮಾತ್ರೆಯ ಬೆಲೆ ಎಷ್ಟು ಗೊತ್ತಾ? ಜನೌಷಧಿ ಅಂಗಡಿಯಲ್ಲಿ ಹತ್ತು ಮಾತ್ರೆಯ ಸ್ಟ್ರಿಪ್ಪು ನಮ್ಮ ದರ್ಶಿನಿಯ ಒಂದು ಕಾಫಿಗಿಂತ ಕಡಿಮೆಗೆ ಸಿಗುತ್ತದೆ. ಅಷ್ಟು ಅಗ್ಗದ ಮಾತ್ರೆಯನ್ನು ತಿಂಗಳಿಗೆ ಮೂವತ್ತರ ಲೆಕ್ಕದಲ್ಲಿ ಒಬ್ಬ ಹೆಂಗಸಿನ ಕೈಗೆ ತಪ್ಪದೆ ತಲುಪಿಸಲಾಗದ ವ್ಯವಸ್ಥೆ, ಅದೇ ಹೆಂಗಸಿನ ಬೆರಳು ಕತ್ತರಿಸಲು ವರ್ಷಕ್ಕೆ 5 ಲಕ್ಷದವರೆಗೆ ಖರ್ಚು ಮಾಡಲು ತಯಾರಾಗಿ ಕೂತಿದೆ. ನನ್ನ ತಕರಾರು ಇರೋದು ಇಲ್ಲಿ.

ಯೋಜನೆಯ ಕಾಗದ ಓದಿದರೆ ಅದನ್ನು ಮಾಡಿದವರು ದಡ್ಡರಲ್ಲ ಅಂತ ಗೊತ್ತಾಗುತ್ತದೆ. 2018ರಲ್ಲಿ ಆಯುಷ್ಮಾನ್ ಭಾರತ್ ಘೋಷಣೆಯಾದಾಗ ಅದಕ್ಕೆ ಎರಡು ಕಾಲಿತ್ತು. ಒಂದು, ಊರೂರಿನ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೇ ಬಲಪಡಿಸಿ ದೇಶದಲ್ಲಿ ಒಂದೂವರೆ ಲಕ್ಷ ಆರೋಗ್ಯ ಮತ್ತು ಕ್ಷೇಮ ಕೇಂದ್ರ ಮಾಡುವುದು. ಬಿಪಿ, ಶುಗರ್ ನೋಡುವುದು, ಮಾತ್ರೆ ಕೊಡುವುದು ಇದರ ಕೆಲಸ. ಇನ್ನೊಂದು, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಆಸ್ಪತ್ರೆ ವಿಮೆ. ನಮ್ಮ ರಾಜ್ಯ ಅದೇ ವರ್ಷ ಮಾರ್ಚಿನಲ್ಲಿ ತನ್ನದೇ ಆರೋಗ್ಯ ಕರ್ನಾಟಕ ಶುರು ಮಾಡಿತ್ತು, ಆಮೇಲೆ ಎರಡನ್ನೂ ಸೇರಿಸಿತು. ಎಪಿಎಲ್‌ನವರಿಗೂ ಪ್ಯಾಕೇಜಿನ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸರ್ಕಾರ ಕೊಡುವಂತೆ ಮಾಡಿತು. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗಲ್ಲ ಅಂದರೆ ಮಾತ್ರ ರೆಫರಲ್ ಚೀಟಿ ತಗೊಂಡು ಖಾಸಗಿಗೆ ಅನ್ನುವ ನಿಯಮ ಇಟ್ಟಿತು. ಈ ನಿಯಮವನ್ನು ಬೈಯುವವರು ಬಹಳ. ನನಗಂತೂ ಅದು ಸರಿ ಅನ್ನಿಸುತ್ತದೆ. ಇಲ್ಲದಿದ್ದರೆ ದುಡ್ಡೆಲ್ಲ ನೇರ ಖಾಸಗಿ ಆಸ್ಪತ್ರೆಗೆ ಹರಿದು ತಾಲ್ಲೂಕು ಆಸ್ಪತ್ರೆ ಇನ್ನಷ್ಟು ಒಣಗುತ್ತಿತ್ತು.

ಆದರೆ ಎರಡು ಕಾಲಲ್ಲಿ ಜನರಿಗೆ ಗೊತ್ತಿರುವುದು ಒಂದೇ. ಯಾರನ್ನಾದರೂ ಕೇಳಿ, ಆಯುಷ್ಮಾನ್ ಅಂದರೆ "ಐದು ಲಕ್ಷದ ಕಾರ್ಡು" ಅಂತಾರೆ. ಉಪಕೇಂದ್ರದ ಬೋರ್ಡಿನ ಮೇಲೆ ಹೆಸರು ಬದಲಾಗಿದ್ದು ಗೊತ್ತು, 2023ರಲ್ಲಿ ಅದು ಆಯುಷ್ಮಾನ್ ಆರೋಗ್ಯ ಮಂದಿರ ಆಯ್ತು. ಒಳಗಿನ ಮಾತ್ರೆ ಕಪಾಟು ಅದೇ ಹಳೇದು. ಕಾರ್ಡಿಗೆ ಫೋಟೋ ಇದೆ, ವಿತರಣೆ ಸಮಾರಂಭ ಇದೆ. ಮೂವತ್ತು ಮಾತ್ರೆ ತಿಂಗಳು ತಿಂಗಳೂ ತಪ್ಪದೆ ಬಂದರೆ ಅದಕ್ಕೆ ಯಾರು ಸಮಾರಂಭ ಮಾಡ್ತಾರೆ? ನಮ್ಮ ಆಫೀಸಿನಲ್ಲೂ ಹೀಗೇ. ರಾತ್ರಿ ಎರಡು ಗಂಟೆಗೆ ಬಿದ್ದ ಸರ್ವರ್ ಎಬ್ಬಿಸಿದವನಿಗೆ ಮೇಲಿನವರಿಂದ ಮೆಚ್ಚುಗೆಯ ಮೇಲ್ ಬರುತ್ತದೆ. ಆರು ತಿಂಗಳಿಂದ ಸರ್ವರ್ ಬೀಳದ ಹಾಗೆ ನೋಡಿಕೊಂಡವನಿಗೆ ಅಪ್ರೈಸಲ್ಲಿನಲ್ಲಿ "ಈ ವರ್ಷ ಏನು ಮಾಡಿದೆ?" ಅಂತ ಕೇಳ್ತಾರೆ.

ಒಳ್ಳೇದು ನಡೆದಾಗಲೂ ನಮ್ಮ ಕಲ್ಪನೆ ಹೋಗುವುದು ತುರ್ತಿನ ಕಡೆಗೇ. 2023ರಲ್ಲಿ ಅಪ್ಪು ಹೆಸರಿನಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆ ನೋಡಿ. ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನು ದೂರದ ತಜ್ಞರು ನೋಡಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡಿಸುವ ಏರ್ಪಾಡು. ಎಂಜಿನಿಯರ್ ಆಗಿ ನನಗೆ ಬಹಳ ಹಿಡಿಸಿದ ವಿನ್ಯಾಸ. ಅದನ್ನು ಮಾಡಬಲ್ಲ ರಾಜ್ಯಕ್ಕೆ ಬಿಪಿ ಮಾತ್ರೆಯ ಸ್ಟಾಕ್ ಲೆಕ್ಕ ಇಡುವುದು ಕಷ್ಟವೇ?

ಈ ಯೋಚನೆಯೇನೂ ಹೊಸದಲ್ಲ. 1943ರಲ್ಲಿ ನೇಮಕವಾದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ದುಡ್ಡಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು, ಚಿಕಿತ್ಸೆ ಜನರಿರುವ ಜಾಗಕ್ಕೆ ಹತ್ತಿರ ಇರಬೇಕು, ರೋಗ ತಡೆಯುವ ಕೆಲಸ, ವಾಸಿ ಮಾಡುವ ಕೆಲಸ ಬೇರೆ ಬೇರೆ ಆಗಬಾರದು ಎನ್ನುವುದು ಅದರ ಸಾರ. ಎರಡು ವರ್ಷ ಕಳೆದು 1948ರ ಜುಲೈ 5ಕ್ಕೆ ಬ್ರಿಟನ್ನಿನಲ್ಲಿ ಅನ್ಯೂರಿನ್ ಬೆವನ್ ಮಂತ್ರಿಯಾಗಿದ್ದಾಗ ಎನ್‌ಎಚ್‌ಎಸ್ ಶುರುವಾಯ್ತು. ಅವರು ಯುದ್ಧದಲ್ಲಿ ದಿವಾಳಿಯಾಗಿಯೂ ಮಾಡಿದರು. ನಾವು 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರ ಕಟ್ಟುತ್ತಾ ಬಂದೆವು, ದುಡ್ಡು ಮಾತ್ರ ಯಾವತ್ತೂ ಸಾಕಾಗುವಷ್ಟು ಹಾಕಲಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಸರ್ಕಾರಿ ವೆಚ್ಚ ಜಿಡಿಪಿಯ ಶೇ. 2.5 ಆಗಬೇಕು ಅಂದಿತ್ತು. 2021-22ರ ಲೆಕ್ಕದಲ್ಲಿ ಅದು ಶೇ. 1.84. ಆ ವರ್ಷ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಶೇ. 39.4ರಷ್ಟು ಜನರ ಜೇಬಿನಿಂದಲೇ ಹೋಗಿದ್ದು. ಮೊದಲಿಗಿಂತ ಬಹಳ ಇಳಿದಿದೆ, ಒಪ್ಪೋಣ. ಆದರೆ ಆ ಜೇಬಿನ ಖರ್ಚಲ್ಲಿ ದೊಡ್ಡ ಪಾಲು ಔಷಧಿ ಮತ್ತು ಹೊರರೋಗಿ ಚಿಕಿತ್ಸೆಯದ್ದು, ಅಂದರೆ ಕಾರ್ಡು ಮುಟ್ಟದೇ ಇರುವಂಥದ್ದು.

ಹಿಂದೆ ಒಂದೂವರೆ ವರ್ಷ ನಾನು ಆನ್‌ಸೈಟ್ ಅಂತ ಲೀಡ್ಸ್‌ನಲ್ಲಿದ್ದೆ. ಎನ್‌ಎಚ್‌ಎಸ್ ಸ್ವರ್ಗ ಅಂತ ಹೇಳೋಕೆ ಹೊರಟಿಲ್ಲ. ಜಿಪಿ ಅಪಾಯಿಂಟ್‌ಮೆಂಟಿಗೆ ಬೆಳಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂತು, ಲೈನ್ ಸಿಗದೆ ಬೈದುಕೊಂಡವನೇ ನಾನೂ. ಆದರೆ ಅಲ್ಲಿ ನನ್ನ ಮ್ಯಾನೇಜರಿಗೆ ಶುಗರ್ ಇತ್ತು. ಒಂದು ದಿನ ಮಧ್ಯಾಹ್ನ "ಪಾದ ತೋರಿಸೋಕೆ ಹೋಗಬೇಕು" ಅಂತ ಹೊರಟರು. ಏನಾಯ್ತು ಅಂದೆ. ಏನೂ ಆಗಿಲ್ಲ, ವರ್ಷಕ್ಕೊಂದು ಸಲ ಕರೀತಾರೆ ಅಂದರು. ನರ್ಸು ಒಂದು ಸಣ್ಣ ನೈಲಾನ್ ಎಳೆ ತಗೊಂಡು ಪಾದದ ಅಲ್ಲಲ್ಲಿ ಒತ್ತಿ, ಮುಟ್ಟಿದ್ದು ತಿಳೀತಾ ಅಂತ ಕೇಳ್ತಾರಂತೆ. ಹತ್ತು ಗ್ರಾಂ ಭಾರಕ್ಕೆ ಬಾಗುವ ಎಳೆ, ಅಷ್ಟೇ ಸಾಮಾನು. ತಿಳಿಯದಿದ್ದರೆ ಆ ಪಾದಕ್ಕೆ ಅಪಾಯ ಇದೆ ಅಂತ ಬರೆದುಕೊಂಡು ಹಿಂದೆ ಬೀಳ್ತಾರೆ. ಕಣ್ಣಿನ ಪರೀಕ್ಷೆಗೂ ಹೀಗೇ ಕಾಗದ ಬರುತ್ತದೆ. ಇಂಗ್ಲೆಂಡಿನಲ್ಲಿ ಔಷಧಿ ಚೀಟಿಗೆ ಶುಲ್ಕ ಇದೆ, ಆದರೆ ಶುಗರಿಗೆ ಮಾತ್ರೆ ತಗೊಳ್ಳುವವರಿಗೆ ಅದು ಮಾಫಿ. ಯಾಕೆಂದರೆ ಅಲ್ಲಿ ಮಾತ್ರೆಯ ಬಿಲ್ಲು, ಬೆರಳಿನ ಬಿಲ್ಲು ಎರಡೂ ಒಂದೇ ಬೊಕ್ಕಸಕ್ಕೆ ಬರುತ್ತವೆ. ಆಗ ಇದೆಲ್ಲ ಕೇಳಿ ನಕ್ಕಿದ್ದೆ, ಈ ಬಿಳಿಯರಿಗೆ ಪಾದ ನೋಡೋಕೂ ಅಪಾಯಿಂಟ್‌ಮೆಂಟು ಅಂತ. ನಮ್ಮತ್ತೆಯ ಪಾದವನ್ನು ಏಳು ವರ್ಷದಲ್ಲಿ ಮೊದಲ ಸಲ ಒಬ್ಬ ಡಾಕ್ಟರು ಮುಟ್ಟಿ ನೋಡಿದ್ದು ಬೆರಳು ಕಪ್ಪಾದ ಮೇಲೆ.

ಲೀಡ್ಸ್ ದೂರ ಆಯ್ತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು ಅತ್ತಿಬೆಲೆ ದಾಟಿದರೆ ಹೊಸೂರು, ಕೃಷ್ಣಗಿರಿ ಜಿಲ್ಲೆ. 2021ರ ಆಗಸ್ಟಿನಲ್ಲಿ ಅದೇ ಜಿಲ್ಲೆಯ ಒಂದು ಹಳ್ಳಿಯಲ್ಲಿ ತಮಿಳುನಾಡು 'ಮಕ್ಕಳೈ ತೇಡಿ ಮರುತ್ತುವಂ' ಶುರು ಮಾಡಿತು. ಜನರನ್ನು ಹುಡುಕಿಕೊಂಡು ಬರುವ ವೈದ್ಯ ಅಂತ ಅರ್ಥ. ಬಿಪಿ, ಶುಗರ್ ಮಾತ್ರೆಯನ್ನು ಮನೆ ಬಾಗಿಲಿಗೇ ತಂದುಕೊಡುವುದು ಅದರ ಮುಖ್ಯ ಕೆಲಸ. ಅವರಿಗೆ ಇದು ಸಾಧ್ಯವಾಗಿದ್ದಕ್ಕೆ ಹಿಂದಿನ ತಯಾರಿಯೂ ಇದೆ, 1994ರಲ್ಲೇ ಔಷಧಿ ಖರೀದಿ, ಗೋದಾಮು, ಸಾಗಣೆಗೆ ಅಂತಲೇ ಒಂದು ನಿಗಮ ಮಾಡಿಕೊಂಡರು. ಕರ್ನಾಟಕವೂ 2024ರಲ್ಲಿ ಕೋಲಾರದಿಂದ ಗೃಹ ಆರೋಗ್ಯ ಅಂತ ಶುರು ಮಾಡಿದೆ, ಮೂವತ್ತು ದಾಟಿದವರ ಮನೆಗೇ ಹೋಗಿ ಬಿಪಿ, ಶುಗರ್ ನೋಡುವುದು. ಒಳ್ಳೇ ದಾರಿ. ಆದರೆ ಹೊಸದಾಗಿ ಕಾಯಿಲೆ ಪತ್ತೆ ಮಾಡಿದಷ್ಟೂ ಮಾತ್ರೆ ಬೇಕಾದವರ ಪಟ್ಟಿ ಉದ್ದವಾಗುತ್ತದೆ. ನಮ್ಮತ್ತೆಗೆ ಶುಗರ್ ಇದೆ ಅಂತ ಪತ್ತೆಯಾಗಿ ಏಳು ವರ್ಷವಾಗಿತ್ತಲ್ಲ, ಕೊರತೆ ಇದ್ದದ್ದು ಅದರ ಮುಂದಿನ ಕೆಲಸದಲ್ಲಿ.

ಇದನ್ನು ಓದುತ್ತಿರುವ ನೀವು, ಬರೆಯುತ್ತಿರುವ ನಾನು ಈ ವ್ಯವಸ್ಥೆಯಿಂದ ಹೊರಗೆ ಬಂದು ಬಹಳ ದಿನ ಆಯ್ತು. ನಮಗೆ ಕಂಪನಿ ಇನ್ಷೂರೆನ್ಸ್ ಇದೆ, ಅಪ್ಪ ಅಮ್ಮನಿಗೆ ಟಾಪ್‌ಅಪ್ ಇದೆ. ನಿಮ್ಮ ಪಾಲಿಸಿ ತೆಗೆದು ನೋಡಿ. ಬಹುತೇಕ ಅದೂ ಹಾಗೇ ಇರುತ್ತದೆ, ಅಡ್ಮಿಟ್ ಆದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮಗೆ ತಿಂಗಳ ಮಾತ್ರೆಯ ಖರ್ಚು ಖರ್ಚೇ ಅಲ್ಲ, ಆ್ಯಪಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಮನೆಗೆ ಬರುತ್ತದೆ. ಹಾಗಾಗಿ ವಿಮೆ ಅಂದರೇನೇ ಆರೋಗ್ಯ ವ್ಯವಸ್ಥೆ ಅಂತ ನಾವು ನಂಬಿಬಿಟ್ಟಿದ್ದೇವೆ. ಊರಿನವರಿಗೂ ಒಂದು ಕಾರ್ಡು ಸಿಕ್ಕಿತಲ್ಲ, ಇನ್ನೇನು ಬೇಕು ಅಂತ ವಾಟ್ಸಾಪಿನಲ್ಲಿ ಚರ್ಚೆ ಮಾಡ್ತೀವಿ. ಗಲಾಟೆ ಮಾಡಿದರೆ ಕೇಳಿಸಿಕೊಳ್ಳಬಹುದಾದ ಜನ ಯಾರೂ ಮಾತ್ರೆ ಸಾಲಿನಲ್ಲಿ ಇಲ್ಲ.

ಅಲ್ಲಿರುವುದು ಆಶಾ ಕಾರ್ಯಕರ್ತೆ. ನಮ್ಮೂರಿನ ಆಶಾ ಅಕ್ಕನಿಗೆ ಯಾರ ಮನೆಯಲ್ಲಿ ಯಾರಿಗೆ ಏನು ಅಂತ ಬಾಯಲ್ಲೇ ಇದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆಲ್ಲ ಪ್ರಶಸ್ತಿ ಕೊಟ್ಟಿತು. ನಾವು ಕೊಡುವುದು ಗೌರವಧನ ಮತ್ತು ಕೆಲಸಕ್ಕಿಷ್ಟು ಅಂತ ಬಿಡಿಗಾಸು. ಒಬ್ಬರ ಕಾಯಿಲೆ ಅಪಾಯದ ಫಾರಂ ತುಂಬಿದರೆ ಹತ್ತು ರೂಪಾಯಿ. ಹಾಗಾಗಿ ಅವರು ಆಗಾಗ ಬಂದು ಫ್ರೀಡಂ ಪಾರ್ಕಿನಲ್ಲಿ ಕೂರುತ್ತಾರೆ, ನಾವು ಆವತ್ತು ಟ್ರಾಫಿಕ್ ಜಾಸ್ತಿ ಅಂತ ವರ್ಕ್ ಫ್ರಂ ಹೋಂ ತಗೊಳ್ತೀವಿ.

ಹೋದ ತಿಂಗಳು ಒಂದು ಬೆಳಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿದ್ದೆ. ಆಶಾ ಅಕ್ಕ ಫೋನ್ ಮಾಡಿದರು. ಅತ್ತೆಗೆ ಹದಿನಾಲ್ಕು ಅಂಕಿಯ ಆಭಾ ನಂಬರ್ ಮಾಡಿಸಬೇಕು, ಆಧಾರಿಗೆ ಲಿಂಕ್ ಆಗಿರೋದು ನಿಮ್ಮ ನಂಬರ್ ಅಲ್ವಾ, ಒಟಿಪಿ ಬಂದಿದೆ ಹೇಳಿ ಸಾರ್ ಅಂದರು. ಮ್ಯೂಟ್ ಮಾಡಿ ಆರು ಅಂಕಿ ಓದಿ ಹೇಳಿದೆ. ಇನ್ನು ಮೇಲೆ ಅತ್ತೆಯ ದಾಖಲೆಯೆಲ್ಲ ದೇಶದ ಯಾವ ಆಸ್ಪತ್ರೆಯಲ್ಲಿ ಬೇಕಾದರೂ ತೆಗೆಯಬಹುದಂತೆ. ಒಳ್ಳೇದಾಯ್ತಕ್ಕ, ಈ ತಿಂಗಳ ಮಾತ್ರೆ ಪೂರ್ತಿ ಸಿಕ್ತಾ ಅಂತ ಕೇಳಿದೆ.

"ಹತ್ತು ಕೊಟ್ಟಿದಾರೆ ಸಾರ್. ಉಳಿದಿದ್ದು ಬುಧವಾರ ಬಂದು ಕೇಳಿ ಅಂದ್ರು."