ಚರಿತ್ರೆಯ ರುಚಿ ಮತ್ತು ಅಪ್ಪನ ಪ್ರಶ್ನೆ

ಚರಿತ್ರೆಯನ್ನೂ ದೊಡ್ಡವರ ಜೀವನಕಥೆಗಳನ್ನೂ ಖುಷಿಗಾಗಿ ಓದುವುದು ತಪ್ಪೇ? ನಮ್ಮ ಗೆಳೆಯರಲ್ಲಿ ಕೆಲವರು ಹೌದೆನ್ನುತ್ತಾರೆ. ರಾಜರ ಕಥೆ ರಾಜರಿಗಿರಲಿ, ನಮಗೆ ಬೇಕಾದದ್ದು ಶೋಷಣೆಯ ವಿಶ್ಲೇಷಣೆ ಎಂಬುದು ಅವರ ವಾದ. ನಾನು ಇದನ್ನು ಒಪ್ಪುವುದಿಲ್ಲ. ನೆಲ ಬಿಟ್ಟುಕೊಟ್ಟೆವು, ನೀರು ಬಿಟ್ಟುಕೊಟ್ಟೆವು, ಓದಿನ ಖುಷಿಯನ್ನೂ ಮೇಲಿನವರಿಗೇ ಬಿಟ್ಟುಕೊಡಬೇಕೇನು? ಆದರೆ ಆ ಖುಷಿ ನಮಗೆ ಏನನ್ನು ಮರೆಸುತ್ತಿದೆ ಎಂದು ಕೇಳದೆ ಓದುವುದೂ ಸರಿಯಲ್ಲ.

ನನ್ನದೇ ಉದಾಹರಣೆ ಹೇಳುತ್ತೇನೆ. ನಾನು ಇಳಕಲ್ಲಿನ ಕೇರಿಯಲ್ಲಿ ಬೆಳೆದವನು. ಸಾಲಿ ಕಲಿಯುವಾಗ ಚಾಲುಕ್ಯರ ಕಥೆ ಸಿಕ್ಕರೆ ಊಟದ ನೆನಪಾಗುತ್ತಿರಲಿಲ್ಲ. ವಾಚನಾಲಯದಿಂದ ತಂದ ಪುಸ್ತಕವನ್ನು ಚಿಮಣಿ ಬೆಳಕಿನಲ್ಲಿ ಓದುತ್ತಿದ್ದೆ. ಇಮ್ಮಡಿ ಪುಲಿಕೇಶಿ ಹರ್ಷನನ್ನು ನರ್ಮದೆಯ ದಂಡೆಯಲ್ಲಿ ತಡೆದ ಪುಟ ಬಂದರೆ ಮೈಯಾಗ ನೆತ್ತರ ಕುದ್ದಂಗ ಆಗತಿತ್ತು. 1967ರ ‘ಇಮ್ಮಡಿ ಪುಲಿಕೇಶಿ’ ಚಿತ್ರವನ್ನು ಟೆಂಟಿನಲ್ಲಿ ನೋಡಿದ ಮೇಲಂತೂ ಆ ದೊರೆಗೆ ರಾಜಕುಮಾರರ ಮುಖವೇ ಬಂತು. ಓದುವಷ್ಟು ಹೊತ್ತು ನಾನೇ ಪುಲಿಕೇಶಿ. ಪುಸ್ತಕ ಮುಚ್ಚಿ ಪ್ಯಾಟಿಗೆ ಹೋದರೆ ಚಾದಂಗಡಿಯಲ್ಲಿ ನನಗೆ ಬೇರೆ ಕಪ್ಪು-ಬಸಿ. ಅದನ್ನು ನಾನೇ ತೊಳೆದಿಡಬೇಕು. ದಕ್ಷಿಣಾಪಥದ ಚಕ್ರವರ್ತಿ ಕಪ್ಪು-ಬಸಿ ತೊಳೆದಿಟ್ಟು ಮನೆಗೆ ಬರುತ್ತಿದ್ದ!

ಅಪ್ಪ ಕಲ್ಲಿನ ಕ್ವಾರಿಯಲ್ಲಿ ದುಡಿಯುತ್ತಿದ್ದ. ಒಮ್ಮೆ ಬನಶಂಕರಿ ಜಾತ್ರೆಗೆ ಹೋದಾಗ ಅವನನ್ನು ಬಾದಾಮಿಯ ಮೇಣಬಸದಿಗೆ ಕರೆದೊಯ್ದೆ. ‘ಅಪ್ಪಾ, ಇದನ್ನ ಮಂಗಳೇಶ ಮಾಡಿಸಿದ್ದು’ ಎಂದು ಓದಿದವನ ಜಂಬದಿಂದ ಹೇಳಿದೆ. ಅಪ್ಪ ಗ್ವಾಡಿಯ ಮೇಲಿನ ಉಳಿಯ ಗುರುತುಗಳ ಮೇಲೆ ಬೆರಳಾಡಿಸುತ್ತ, ‘ಮಾಡಿಸಿದಾಂವ ಅಂವ ಖರೆ. ಕಡದವರು ಯಾರೋ? ಎಷ್ಟ ಮಂದಿ ಕೈ ಹೋಗ್ಯಾವೋ ಏನೋ’ ಎಂದ. ನಾನು ಓದಿದ ಯಾವ ಪುಸ್ತಕದಲ್ಲೂ ಆ ಮಾತಿಗೆ ಉತ್ತರವಿರಲಿಲ್ಲ. ಅಕ್ಷರ ಬಾರದ ಅಪ್ಪನೇ ನಾನು ಕಂಡ ಮೊದಲ ವಿಮರ್ಶಕ.

ಅದೇ ಬೆಟ್ಟದ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಒಂದು ಊರನ್ನು ದತ್ತಿ ಬಿಟ್ಟು ದಿನಾಲೂ 16 ಮಂದಿ ಬ್ರಾಹ್ಮಣರ ಊಟಕ್ಕೆ ಏರ್ಪಾಡು ಮಾಡಿದ್ದನ್ನು ಅದು ಹೇಳುತ್ತದೆ. ಉಣ್ಣುವವರ ಲೆಕ್ಕವಿದೆ, ಕಲ್ಲು ಕಡಿದವರ ಲೆಕ್ಕವಿಲ್ಲ. ಹಾಗಂತ ಕಲ್ಲುಕುಟಿಗರು ಪೂರಾ ಮೂಕರಾಗಿರಲಿಲ್ಲ. ಐಹೊಳೆಯಲ್ಲಿ ನರಸೊಬ್ಬನ ಹೆಸರಿದೆ, ಪಟ್ಟದಕಲ್ಲಿನಲ್ಲಿ ಗುಂಡ ಅನಿವಾರಿತಾಚಾರಿಯ ಹೆಸರಿದೆ. ಕಲ್ಲಿನ ಮೇಲೆ ಉಳಿದ ಈ ಹೆಸರುಗಳು ಜನಪ್ರಿಯ ಪುಸ್ತಕಗಳಿಗೆ ಬರುವಷ್ಟರಲ್ಲಿ ಎಲ್ಲಿ ಹೋದವು?

ಇಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವನ್ನು ನೆನೆಯಬೇಕು. ಅದು ಬಂದದ್ದು 1917ರಲ್ಲಿ. ಆಗ ಕನ್ನಡಿಗರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು ಎಂದು ಹರಿದು ಹಂಚಿಹೋಗಿದ್ದರು. ನಿಮಗೂ ಒಂದು ಚರಿತ್ರೆಯಿದೆ ಎಂದು ಆ ಪುಸ್ತಕ ಹೇಳಿತು. ಅವಮಾನಿತರಿಗೆ ಅಭಿಮಾನ ಎಷ್ಟು ದೊಡ್ಡದೆಂದು ನಮಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ಆ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ವೈಭವವನ್ನೇ ಹುಡುಕಿ ಹೊರಟ ಕಣ್ಣಿಗೆ ಅರಮನೆ ಕಾಣುತ್ತದೆ, ಗುಡಿ ಕಾಣುತ್ತದೆ. ಊರ ಹೊರಗಿನ ಕೇರಿ ಕಾಣುವುದಿಲ್ಲ. ಆಲೂರರ ನಂತರ ಆ ದಾರಿ ಹಿಡಿದ ಅನೇಕರಲ್ಲಿ ಆಲೂರರ ತಳಮಳವೂ ಇಲ್ಲ, ಬರೀ ಜಯಘೋಷ ಉಳಿದಿದೆ.

ಈ ಜಯಘೋಷ ಹಳೆಯದು. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ 634ರ ಶಾಸನವಿದೆ. ಬರೆದವನು ರವಿಕೀರ್ತಿ. ಪುಲಿಕೇಶಿಯ ಗೆಲುವುಗಳನ್ನೆಲ್ಲ ಸಂಸ್ಕೃತದಲ್ಲಿ ಹೊಗಳಿ, ಕೊನೆಗೆ ತನ್ನನ್ನು ಕಾಳಿದಾಸ ಭಾರವಿಯರ ಸಾಲಿಗೆ ಸೇರಿಸಿಕೊಂಡ. ಹೊಗಳುವುದು ಅವನ ಕೆಲಸ. ಆದರೆ ನಮ್ಮ ಕಾಲದ ಲೇಖಕರೂ ಅವನ ಬಾಯಿಂದಲೇ ಮಾತಾಡುತ್ತಾರಲ್ಲ! 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ಅವನ ಶಾಸನವೂ ಬಾದಾಮಿಯ ಬಂಡೆಯ ಮೇಲಿದೆ. ಜನಪ್ರಿಯ ಪುಸ್ತಕಗಳು ಈ ಸೋಲನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಊರಿಗೆ ದಂಡು ನುಗ್ಗಿದಾಗ ಬಡವರು ಏನಾದರು ಎಂದು ಆ ಸಾಲನ್ನು ಕೇಳುವವರಿಲ್ಲ.

ಸೋಲು ಹೇಳಿದರೆ ಓದುಗನಿಗೆ ರುಚಿಸುವುದಿಲ್ಲ ಎನ್ನುವವರು ಹಲಗಲಿಯ ಲಾವಣಿ ಕೇಳಬೇಕು. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ, ಆಯುಧ ಒಪ್ಪಿಸಿರಿ ಎಂಬ ಸರಕಾರದ ಹುಕುಮಿಗೆ ತಿರುಗಿಬಿದ್ದರು. ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಈ ಕಥೆಯನ್ನು ಜನ ದಪ್ಪಿನ ಬಡಿತಕ್ಕೆ ಹಾಡಿದರು. ಅದರಲ್ಲಿ ಜಡಗ, ಬಾಲ, ಹನುಮ, ರಾಮ ಎಂದು ಹೆಸರು ಹೆಸರಾಗಿ ಬರುತ್ತಾರೆ. ಲೂಟಿಯಾದದ್ದು ಬಂಗಾರವಲ್ಲ, ಉಪ್ಪು, ಎಣ್ಣೆಯಂಥ ಮನೆಸಾಮಾನು. ಬಡವರ ಮನೆಯ ಲೆಕ್ಕವನ್ನು ಇಷ್ಟು ಖಚಿತವಾಗಿ ಇಟ್ಟ ಚರಿತ್ರೆಯ ಪುಸ್ತಕ ಯಾವುದಿದೆ ಹೇಳಿ. ಆಳುವವರ ಅಧಿಕಾರಿಯಾದ ಫ್ಲೀಟನೇ ಅದನ್ನು ಸಂಗ್ರಹಿಸಿ ಅಚ್ಚುಮಾಡಿಸಿದ್ದು ನಮ್ಮ ವಿದ್ವಾಂಸರಿಗೆ ನಾಚಿಕೆಯ ಮಾತು. ಮುಂದೆ ಅದು ಸಾಲಿಯ ಪಠ್ಯಕ್ಕೂ ಬಂತು. ಸೋತವರ ಕಥೆಯೇ ಅದು. ಆದರೂ ಕೇಳುವವರು ಏಳುವುದಿಲ್ಲ.

ಜೀವನಚರಿತ್ರೆಯ ಮಾತೂ ಇದೇ. ಭೀಮರಾವ್ ಎಂಬ ಹುಡುಗನಿಗೆ ಕೆಳೂಸ್ಕರ್ ಎಂಬ ಮೇಷ್ಟ್ರು ತಾವೇ ಬರೆದ ಬುದ್ಧನ ಮರಾಠಿ ಚರಿತ್ರೆಯನ್ನು ಕೈಗಿಟ್ಟರು. ಆ ಹುಡುಗ 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬುದ್ಧನ ಕಡೆ ನಡೆದ. ಒಂದು ಜೀವನಚರಿತ್ರೆ ಎಲ್ಲಿಗೆ ಮುಟ್ಟಬಲ್ಲದು ನೋಡಿ. ಕೃಷ್ಣೆಯ ಆಚೆಯ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಬಂದಾಗ ನಾನು ಒಂದೇ ರಾತ್ರಿ ಓದಿದೆ. ನಗು ಬಂತು, ಸಿಟ್ಟು ಬಂತು, ಕಣ್ಣು ತುಂಬಿತು. ಮುಖ್ಯವಾದ ಮಾತೆಂದರೆ, ಪುಸ್ತಕ ಮುಚ್ಚಿ ಹೊರಗೆ ಬಂದಾಗ ನಾನು ಬೇರೆಯವನಾಗಬೇಕಾಗಲಿಲ್ಲ. ಪುಲಿಕೇಶಿಯಾಗಿ ಓದಿದ ಖುಷಿಗೂ ನಾನು ನಾನಾಗಿಯೇ ಓದಿದ ಖುಷಿಗೂ ಇರುವ ಅಂತರ ಆವತ್ತು ತಿಳಿಯಿತು.

ಆದ್ದರಿಂದ ಗೆಳೆಯರೇ, ಓದ್ರಿ. ಪುಲಿಕೇಶಿಯನ್ನೂ ಓದ್ರಿ, ಖುಷಿಯಿಂದಲೇ ಓದ್ರಿ. ಆದರೆ ಪ್ರತಿ ಪುಟಕ್ಕೂ ಅಪ್ಪನ ಪ್ರಶ್ನೆ ಕೇಳ್ರಿ: ಕಡದವರು ಯಾರು? ಉತ್ತರವಿಲ್ಲದ ಕಡೆ ಬರೆಯುವ ಕೆಲಸ ನಮ್ಮದು. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಎದ್ದಿತು. ಆ ಓಣಿಗಳಲ್ಲಿ ಯಾರಿದ್ದರು, ಯಾರಿಗೆ ಎಷ್ಟು ಪರಿಹಾರ ಸಿಕ್ಕಿತು, ಯಾರು ಬರಿಗೈಲಿ ಹೋದರು? ಇಳಕಲ್ಲಿನ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಂತು ಮುದುಕರಾದವರ ಜೀವನಚರಿತ್ರೆ ಎಲ್ಲಿದೆ? ಇದನ್ನು ಹಲಗಲಿಯ ಲಾವಣಿಕಾರನಷ್ಟು ಖಚಿತವಾಗಿ, ಅಷ್ಟೇ ರುಚಿಯಾಗಿ ಯಾರಾದರೂ ಬರೆಯಲಿ. ಕೇರಿಯ ಹುಡುಗನೊಬ್ಬ ಊಟ ಮರೆತು ಅದನ್ನು ಓದಲಿ.