ಟೊಳ್ಳು ಲೋಹದ ಚೆಲುವು

ಹಾವೇರಿಯಿಂದ ರಾಣೇಬೆನ್ನೂರಿಗೆ ಸಾಗುವ ಹೆದ್ದಾರಿಯ ಇಕ್ಕೆಲಗಳಲ್ಲಿಯೂ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಆಸುಪಾಸಿನಲ್ಲಿಯೂ ನಿಂತಿರುವ ಮೊಬೈಲ್ ಟವರುಗಳ ಮೇಲಿನ ದುಂಡನೆಯ ಡ್ರಮ್ಮುಗಳನ್ನು ಕಾಣದವರಿಲ್ಲ. ಆದರೆ ಅವುಗಳ ಬೆನ್ನಿಗೆ ಅಡಗಿ, ಸೂಕ್ಷ್ಮತರಂಗಗಳನ್ನು ಯಂತ್ರದಿಂದ ಆಂಟೆನಾಕ್ಕೆ ಒಯ್ಯುವ ವೇವ್‌ಗೈಡೆಂಬ ಟೊಳ್ಳು ಲೋಹನಾಳವನ್ನು ಮೆಚ್ಚಿ ನೋಡಿದವರು ವಿರಳ.

ಎಕ್ಸ್ ಬ್ಯಾಂಡ್ ಎಂಬ ಸೂಕ್ಷ್ಮತರಂಗ ಪಟ್ಟಿಯ ಸಾಮಾನ್ಯ ನಾಳವೊಂದನ್ನು ಕೈಗೆತ್ತಿಕೊಂಡರೆ, ಅದರ ಒಳಬಾಯಿಯ ಅಗಲ 22.86 ಮಿಲಿಮೀಟರ್, ಎತ್ತರ 10.16, ನಡುವೆ ತಂತಿಯಿಲ್ಲ, ಬರಿಯ ಗಾಳಿ. ಆ ಅಗಲವೇ ಅದರ ಶಾಸನ: ಸುಮಾರು 6.56 ಗಿಗಾಹರ್ಟ್ಸ್‌ಗಿಂತ ಕೆಳಗಿನ ತರಂಗವು ಒಳಹೊಕ್ಕರೂ ಮುಂದೆ ಸಾಗದೆ ಕ್ಷೀಣಿಸುತ್ತದೆ. ಮಿಲಿಮೀಟರ್ ತರಂಗಗಳಿಗೆ ನಾಳವೂ ಅದೇ ಪ್ರಮಾಣದಲ್ಲಿ ಕಿರಿದಾಗಿ, ನಾಳದ ತುದಿಗಳನ್ನು ಬೆಸೆಯುವ ಫ್ಲ್ಯಾಂಜೆಂಬ ಅಂಚುಪಟ್ಟಿಗಳ ಕೂಡಿಕೆಯಲ್ಲಿ ಕೂದಲೆಳೆಯಷ್ಟು ಸಂದಿಯುಳಿದರೂ ತರಂಗ ಸೋರುವುದರಿಂದ, ಅದನ್ನು ಕಡೆದು ನುಣುಪುಗೊಳಿಸುವ ಕುಶಲಕರ್ಮಿಯ ತಾಳ್ಮೆ ಅಕ್ಕಸಾಲಿಗನದಕ್ಕೆ ಕಡಿಮೆಯದಲ್ಲ. ನನಗೆ ಅತ್ಯಂತ ಪ್ರಿಯವಾದುದು ಮ್ಯಾಜಿಕ್ ಟೀ: ನಾಲ್ಕು ಬಾಯಿಗಳುಳ್ಳ ಆ ಕವಲು, ಸರಿಯಾಗಿ ಹೊಂದಿಸಿದಾಗ, ಒಂದರಿಂದ ಬಂದ ಶಕ್ತಿಯನ್ನು ಎರಡಕ್ಕೆ ಸಮನಾಗಿ ಹಂಚಿ ನಾಲ್ಕನೆಯದನ್ನು ಮುಟ್ಟದೆಯೇ ಬಿಡುತ್ತದೆ.

ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು 1890ರ ದಶಕದಲ್ಲಿಯೇ ಇಂತಹ ನಾಳಗಳನ್ನು ಬಳಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1953ರ ತರುವಾಯ, ಮಿಶಿಗನ್ನಿನಿಂದ ಮರಳಿದ ರಾಜೇಶ್ವರಿ ಚಟರ್ಜಿಯವರು ಪತಿ ಶಿಶಿರಕುಮಾರ ಚಟರ್ಜಿಯವರೊಡನೆ ಸೂಕ್ಷ್ಮತರಂಗ ಸಂಶೋಧನೆಯನ್ನು ಬೆಳೆಸಿ, ಆ ವಿದ್ಯೆಯನ್ನು ಶಿಷ್ಯರಿಗೆ ದಶಕಗಳ ಕಾಲ ಬೋಧಿಸಿದರು.