ಕಾಟ್‌ಗೊಂದು ಬಾಡಿಗೆ, ನಲ್ಲಿಗೊಂದು ಲೆಕ್ಕ

ಥಾಣೆಯ ಘೋಡ್‌ಬಂದರ್ ರಸ್ತೆಯಿರಲಿ, ಕಲ್ಯಾಣ, ಡೊಂಬಿವಲಿ ಪೂರ್ವವಿರಲಿ, ನವಿಮುಂಬಯಿಯ ನೆರೂಳ್, ಖಾರ್‌ಘರ್ ಇರಲಿ, ಮನೆ ಹುಡುಕಿಕೊಂಡು ಬಂದವರನ್ನು ಏಜೆಂಟ್ ಮೊದಲು ಕೇಳುವುದು "ಫ್ಯಾಮಿಲಿಯೋ, ಬ್ಯಾಚುಲರೋ?" ಎಂದು. ಬಾಡಿಗೆ, ಡಿಪಾಸಿಟ್‌ಗಳ ಮಾತು ಆಮೇಲೆ. ಬ್ಯಾಚುಲರ್ ಎಂದರೆ "ಸೊಸೈಟಿ ಒಪ್ಪೋದಿಲ್ಲ" ಎಂಬ ಉತ್ತರ ಸಿದ್ಧ. ಅದೇ ಸೊಸೈಟಿಯ ಮೂರನೇ ಮಹಡಿಯಲ್ಲಿ, ಮೊನ್ನೆಯವರೆಗೂ ಒಂದು ಸಂಸಾರವಿದ್ದ ಒನ್ ಬಿಎಚ್‌ಕೆಗೆ ಆರು ಕಬ್ಬಿಣದ ಮಂಚ ಬಂದಿರುತ್ತವೆ. ಹಾಲ್‌ನಲ್ಲಿ ಮೂರು, ಬೆಡ್‌ರೂಮಿನಲ್ಲಿ ಮೂರು. ಕಾಟ್ ಬೇಸಿಸ್ ಮೇಲೆ ಕಾಲೇಜು ಹುಡುಗರು. ಎದುರಿಗೆ ಬ್ಯಾಚುಲರ್ ಬೇಡವೆಂಬ ಸೊಸೈಟಿಯ ಠರಾವು, ಹಿಂದಿನಿಂದ ವ್ಯಾಪಾರ. ಎರಡನ್ನೂ ಜೊತೆಗಿಟ್ಟು ನೋಡಿದರಷ್ಟೇ ಈ ಜಗಳದ ತಲೆಬುಡ ಸಿಗುವುದು.

ಮಾಲೀಕನ ಲೆಕ್ಕ ಸರಳ. ಸಂಸಾರಕ್ಕೆ ಕೊಟ್ಟರೆ ತಿಂಗಳಿಗೆ 22,000 ರೂಪಾಯಿ ಬರುವ ಮನೆ ಎಂದಿಟ್ಟುಕೊಳ್ಳಿ. ಮಂಚಕ್ಕೆ 6,500ರಂತೆ ಆರು ಮಂಚಕ್ಕೆ 39,000. ಹೆಚ್ಚಿಗೆ 17,000. ಜಾಗ ಬದಲಾದರೆ ಅಂಕಿ ಹೆಚ್ಚುಕಡಿಮೆಯಾದೀತು, ಆಸೆ ಅದೇ. ಇನ್ನು ನೆರೆಯವರ ಲೆಕ್ಕ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ ಪ್ರಕಾರ ನೀರಿನ ಖರ್ಚು ಹಂಚುವುದು ಮನೆಯೊಳಗಿನ ನಲ್ಲಿಗಳ ಸಂಖ್ಯೆ, ಗಾತ್ರ ನೋಡಿ. ಅಲ್ಲಿ ಎಷ್ಟು ತಲೆಗಳಿವೆ ಎಂದು ಯಾರೂ ಕೇಳುವುದಿಲ್ಲ. ಲಿಫ್ಟಿನ ಖರ್ಚು, ವಾಚ್‌ಮನ್ ಸಂಬಳ, ಮೆಟ್ಟಿಲಿನ ದೀಪ ಎಲ್ಲ ಮನೆಗೂ ಸಮಪಾಲು. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರಕಾರಿ ಅಳತೆ ಹಿಡಿದರೆ ಗಂಡ-ಹೆಂಡತಿ ಇಬ್ಬರಿರುವ ಮನೆಗೆ 270 ಲೀಟರ್, ಆರು ಹುಡುಗರ ಮನೆಗೆ 810. ಬಿಲ್ ಮಾತ್ರ ಒಂದೇ. ಬೇಸಿಗೆಯಲ್ಲಿ ಖಾರ್‌ಘರ್‌ನ ಸೊಸೈಟಿ ಟ್ಯಾಂಕರ್ ತರಿಸಿದಾಗ ಆ ದುಡ್ಡನ್ನೂ ಎಲ್ಲರೂ ಕೂಡಿಯೇ ಕಟ್ಟಬೇಕು.

ಬಾಡಿಗೆಗೆ ಕೊಟ್ಟ ಮಾಲೀಕನಿಂದ ಸೊಸೈಟಿ ಹೆಚ್ಚಿಗೆ ವಸೂಲು ಮಾಡಬಾರದೇ ಎಂದರೆ ಅಲ್ಲಿಯೂ ಗೋಡೆ. ನಾನ್-ಆಕ್ಯುಪೆನ್ಸಿ ಚಾರ್ಜು ಸೇವಾಶುಲ್ಕದ ಶೇ. 10ನ್ನು ಮೀರಕೂಡದೆಂದು 2001ರ ಆಗಸ್ಟಿನಲ್ಲೇ ಸರಕಾರ ಆಜ್ಞೆ ಹೊರಡಿಸಿದೆ. ಸೇವಾಶುಲ್ಕ 2,000 ಇದ್ದರೆ ಸಿಗುವುದು 200. ಸೊಸೈಟಿಗಳು ಮನಸ್ಸಿಗೆ ಬಂದಷ್ಟು ಸುಲಿಯುತ್ತಿದ್ದ ಕಾಲಕ್ಕೆ ಅದು ನ್ಯಾಯವಾದ ಕಡಿವಾಣವೇ. ಆದರೆ ಮಗಳ ಮನೆಗೆ ಹೋಗಿ ನೆಲೆಸಿದ ಅಜ್ಜಿ ಒಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟ ಫ್ಲ್ಯಾಟು, ಆರು ಮಂಚದ ಫ್ಲ್ಯಾಟು ಎರಡಕ್ಕೂ ಅದೇ 200.

ಹಣದ ದಾರಿ ಹೀಗೆ ಕಟ್ಟಿಹೋದದ್ದರಿಂದಲೇ ಜಗಳ ಸಂಸ್ಕಾರದ ದಾರಿ ಹಿಡಿಯಿತು ಎನ್ನುವುದು ನನ್ನ ವಾದ. ನೋಟಿಸ್ ಬೋರ್ಡಿನಲ್ಲಿ ನೀರಿನ ಸುದ್ದಿ ಇರುವುದಿಲ್ಲ. ರಾತ್ರಿ ಹತ್ತರ ಮೇಲೆ ಗೇಟು, ಬಾಗಿಲಾಚೆ ಹರಡಿದ ಚಪ್ಪಲಿ, ಹುಡುಗಿಯರನ್ನು ಬಿಡಲು ಬಂದ ಬೈಕು, ಬಾಲ್ಕನಿಯ ಸಿಗರೇಟು, "ನಮ್ಮದು ಫ್ಯಾಮಿಲಿ ಸೊಸೈಟಿ". ಅವಿವಾಹಿತರಿಗೆ ಮನೆ ಕೊಡಬಾರದೆಂದು ಮಾದರಿ ಬೈಲಾದಲ್ಲಿ ಎಲ್ಲೂ ಇಲ್ಲ. ಅದರಿಂದ ಠರಾವು ಕಾನೂನಿನೆದುರು ದುರ್ಬಲ, ಗೇಟಿನೆದುರು ಮಾತ್ರ ಭಾರಿ ಗಟ್ಟಿ. ವಾಚ್‌ಮನ್ ಲಗೇಜು ತಡೆದು ನಿಲ್ಲಿಸಿದ ಹುಡುಗ ಯಾವ ಕೋರ್ಟಿಗೆ ಹೋದಾನು?

ಈ ಠರಾವಿಗೆ ಕೈಯೆತ್ತುವವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಕರಾವಳಿಯಿಂದ ಮೀಸೆ ಮೂಡುವ ಮೊದಲೇ ಒಬ್ಬಂಟಿಯಾಗಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಅದೇ ಹೋಟೆಲಿನ ಮೇಜು ಜೋಡಿಸಿ ಮಲಗಿದ ತಲೆಮಾರು ಅದು. ಇಂಥ ಹುಡುಗರಿಗಾಗಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಳೆದ ಶತಮಾನದ ಮೊದಲರ್ಧದಲ್ಲೇ ರಾತ್ರಿಶಾಲೆ ನಡೆಸಿತು. ಲೋಕಲ್ ಟ್ರೇನಿನ ಹಾದಿ ಹಿಡಿದು ಡೊಂಬಿವಲಿಗೆ ಬಂದ ಕನ್ನಡಿಗರು ಅಲ್ಲಿ ಮಂಜುನಾಥ ವಿದ್ಯಾಲಯವನ್ನೇ ಕಟ್ಟಿದರು. ಓದುವ ಹುಡುಗರ ಪಾಡು ಇವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಮಿಟಿಯಲ್ಲಿ ಕುಳಿತಾಗ ಮಾತ್ರ ಅದೇಕೋ ನೆನಪಿಗೆ ಬರುವುದಿಲ್ಲ. ಹಾಗೆಂದು ಅವರನ್ನೇ ಖಳರು ಮಾಡುವುದೂ ಸರಿಯಲ್ಲ. ಪಿಂಚಣಿಯಲ್ಲಿ ಬದುಕುವ ವಯಸ್ಸಾದ ದಂಪತಿ, ಮೇಲಿನ ಮಹಡಿಯವನು 39,000 ಎಣಿಸಲೆಂದು ತಮ್ಮ ಟ್ಯಾಂಕರ್ ಪಾಲು ಯಾಕೆ ಕೊಡಬೇಕು?

ಕಾಟ್ ಬೇಸಿಸ್ ವಿದ್ಯಾರ್ಥಿಗೂ ಒಳ್ಳೆಯದು ಮಾಡಿಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮು ಕರಾರುಪತ್ರವನ್ನು ಬರೆದು ರಿಜಿಸ್ಟರ್ ಮಾಡಿಸುವ ಹೊಣೆಯನ್ನು ಮಾಲೀಕನ ಮೇಲೆಯೇ ಹಾಕಿದೆ. ತಪ್ಪಿದರೆ ಮೂರು ತಿಂಗಳವರೆಗೆ ಜೈಲು ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಮಂಚದ ಲೆಕ್ಕದ ವ್ಯಾಪಾರದಲ್ಲಿ ಕಾಗದ ಸಾಮಾನ್ಯವಾಗಿ ಒಬ್ಬನ ಹೆಸರಿಗಿರುತ್ತದೆ, ಉಳಿದವರು ಅವನ "ಕಸಿನ್"ಗಳು. ಸೆಕ್ರೆಟರಿ ಬಾಗಿಲು ತಟ್ಟಿದ ದಿನ ಐವರು ಲೆಕ್ಕಕ್ಕೇ ಇಲ್ಲದವರು, ಅವರ ಡಿಪಾಸಿಟ್ಟೂ ಹಾಗೆಯೇ.

ನವಿಮುಂಬಯಿಯಲ್ಲಿ ಈ ಹುಡುಗರೇನು ಹೇಳದೆ ಕೇಳದೆ ಬಂದವರಲ್ಲ. 1970ರಲ್ಲಿ ಹುಟ್ಟಿದ ನಗರ ನಿರ್ಮಾಣ ಸಂಸ್ಥೆ ಸಿಡ್ಕೋ ಒಂದೊಂದು ನೋಡ್, ಅಂದರೆ ಉಪನಗರದ ನಕ್ಷೆ, ಎಳೆಯುವಾಗಲೂ ಶಾಲೆ ಕಾಲೇಜುಗಳಿಗೆ ಜಾಗ ತೆಗೆದಿಟ್ಟಿತು. ಖಾರ್‌ಘರ್‌ನಲ್ಲಿ ನಿಫ್ಟ್ ಇದೆ, ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಕಾಲೇಜುಗಳ ಸಾಲೇ ಇದೆ. ನೆರೂಳ್‌ನಲ್ಲಿ ಮೆಡಿಕಲ್ ಕಾಲೇಜುಗಳಿವೆ. ಸೀಟು ಹೆಚ್ಚಿಸಿಕೊಂಡಷ್ಟು ಚುರುಕಾಗಿ ಹಾಸ್ಟೆಲ್ ಕಟ್ಟದೆ, ಮಲಗುವ ಜಾಗದ ಹೊಣೆಯನ್ನು ಪಕ್ಕದ ಸೆಕ್ಟರಿನ ಸೊಸೈಟಿಗಳಿಗೆ ದಾಟಿಸಿದ ಆಡಳಿತ ಮಂಡಳಿಗಳ ಹೆಸರು ಯಾವ ಜನರಲ್ ಬಾಡಿಯಲ್ಲೂ ಏಳುವುದಿಲ್ಲ.

ಬೆಂಗಳೂರು ಬೇರೆ ದಾರಿ ಹಿಡಿಯಿತು. ಕೋರಮಂಗಲದ ಪಿಜಿಯಲ್ಲಿ 2024ರ ಜುಲೈನಲ್ಲಿ ಯುವತಿಯ ಕೊಲೆಯಾದ ಮೇಲೆ ಆಗಿನ ಬಿಬಿಎಂಪಿ ತಂದ ನಿಯಮದಲ್ಲಿ ತಲೆಗೆ 70 ಚದರಡಿ ಜಾಗ, 135 ಲೀಟರ್ ನೀರು ಎಂದಿದೆ. ಜಾರಿಯ ಬಗ್ಗೆ ನನಗೆ ಭ್ರಮೆಯೇನಿಲ್ಲ. ಆದರೂ ಆ ಕಾಗದ ಮದುವೆಯಾಗಿದೆಯೇ ಎಂದು ವಿಚಾರಿಸುವುದಿಲ್ಲ, ಎಷ್ಟು ಜನ ಎಂದು ವಿಚಾರಿಸುತ್ತದೆ. ಥಾಣೆ, ಕಲ್ಯಾಣದ ಸೊಸೈಟಿಗಳೂ ನೀರು, ಲಿಫ್ಟುಗಳ ಖರ್ಚನ್ನು ತಲೆಯೆಣಿಸಿ ಹಂಚಿದರೆ ಅರ್ಧ ಜಗಳ ಅಲ್ಲೇ ಕರಗೀತು. ಆಗ ಆರು ಹುಡುಗರ ಫ್ಲ್ಯಾಟಿಗೆ ಇಬ್ಬರಿರುವ ಮನೆಯ ಮೂರು ಪಟ್ಟು ಬಿಲ್ ಬರುತ್ತದೆ. ಅಪ್ಪ-ಅಮ್ಮ, ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಸೇರಿ ಎಂಟು ಜನರಿರುವ ಚೇರ್ಮನ್ನರ ಮನೆಗೆ ನಾಲ್ಕು ಪಟ್ಟು. ಬ್ಯಾಚುಲರ್ ಠರಾವು ಎಲ್ಲರ ಕೈಯೆತ್ತಿಸಿಕೊಂಡು ಪಾಸಾಗುವುದೂ, ತಲೆಯೆಣಿಕೆಯ ಮಾತು ಅಜೆಂಡಾದ ಹತ್ತಿರಕ್ಕೂ ಸುಳಿಯದಿರುವುದೂ ಇದಕ್ಕೇ.